ನಿಮ್ಮ ಬಟರ್‌ವರ್ಟ್ ಸಾಯುತ್ತಿಲ್ಲ, ಮೊದಲು ತಟ್ಟೆಯ ನೀರು ಚೆಲ್ಲಿ

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಒಂದು ಬಟರ್‌ವರ್ಟ್ ಗಿಡ ತರಿಸಿದೆ, ಎಲೆಯ ಅಂಟಿನಿಂದ ಹುಳ ಹಿಡಿದು ತಿನ್ನುವ ಗಿಡ. ಚೀಟಿಯಲ್ಲಿ ‘ಪಿಂಗ್ವಿಕ್ಯುಲಾ ಮೊರಾನೆನ್ಸಿಸ್’ ಎಂದಿತ್ತು. ಬಂದಾಗ ಎಲೆಗಳು ಅಗಲವಾಗಿ, ಅಂಟಂಟಾಗಿ ಇದ್ದವು, ಸಣ್ಣ ನೊಣಗಳನ್ನು ಚೆನ್ನಾಗಿ ಹಿಡಿಯುತ್ತಿತ್ತು. ಡಿಸೆಂಬರ್‌ನಿಂದ ದೊಡ್ಡ ಎಲೆಗಳು ಒಂದೊಂದಾಗಿ ಕಂದಾಗುತ್ತಿವೆ. ನಡುವೆ ಸಣ್ಣ ಸಣ್ಣ ದಪ್ಪ ಎಲೆಗಳು ಬರುತ್ತಿವೆ, ಅವುಗಳಲ್ಲಿ ಅಂಟೇ ಇಲ್ಲ. ನೀರು ಸಾಲದೇನೋ ಎಂದು ತಟ್ಟೆಯಲ್ಲಿ ಸದಾ ನೀರು ನಿಲ್ಲಿಸಿದ್ದೇನೆ, ಕುಂಡಕ್ಕೆ ಸ್ವಲ್ಪ ಗೊಬ್ಬರವನ್ನೂ ಹಾಕಿದೆ. ಗಿಡ ಸಾಯುತ್ತಿದೆಯಾ? ಮಂಗಳೂರಿನಲ್ಲಿರುವ ತಂಗಿಗೂ ಒಂದು ಕೊಡಬೇಕು ಎಂದಿದ್ದೆ. ಅಲ್ಲಿ ಅದು ಬದುಕುತ್ತದಾ? (ಮೈಸೂರಿನ ಓದುಗರು)

ಉತ್ತರ: ಮೊದಲು ಹೋಗಿ ಆ ತಟ್ಟೆಯ ನೀರು ಚೆಲ್ಲಿ ಬನ್ನಿ. ಉಳಿದದ್ದನ್ನು ಆಮೇಲೆ ಓದಬಹುದು.

ನಿಮ್ಮ ಗಿಡ ಸಾಯುತ್ತಿಲ್ಲ. ಕಾಯಿಲೆಯೂ ಬಂದಿಲ್ಲ. ಈ ತಿಂಗಳಲ್ಲಿ ಅದು ಏನು ಮಾಡಬೇಕೋ ಅದನ್ನೇ ಮಾಡುತ್ತಿದೆ. ಮಳೆಗಾಲದ ಎಲೆ ಬಿಟ್ಟು ಒಣಗಾಲದ ಎಲೆ ತೊಡುತ್ತಿದೆ, ಅಷ್ಟೇ. ನಮ್ಮಲ್ಲಿ ಈ ಗಿಡ ಸತ್ತಿತು ಎಂದು ನನಗೆ ಬರೆಯುವವರಲ್ಲಿ ಹೆಚ್ಚಿನವರು ಡಿಸೆಂಬರ್ ಮತ್ತು ಫೆಬ್ರವರಿ ನಡುವೆಯೇ ಬರೆಯುತ್ತಾರೆ, ಮತ್ತು ಎಲ್ಲರ ಕಥೆಯೂ ನಿಮ್ಮದೇ. ಎಲೆ ಸಣ್ಣದಾಯಿತು, ಗಾಬರಿಯಾಯಿತು, ನೀರು ಜಾಸ್ತಿ ಹಾಕಿದೆ, ಬುಡ ಕೊಳೆಯಿತು. ನಾನೂ ಮೊದಲನೇ ವರ್ಷ ಎರಡು ಗಿಡ ಹೀಗೇ ಕಳೆದುಕೊಂಡೆ. ಅದರಲ್ಲಿ ಒಂದು ಆಗಲೇ ಹೂವಿನ ದಂಟು ಎತ್ತಿತ್ತು. ಆ ಬೇಸರ ಇನ್ನೂ ಹೋಗಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈ ಗಿಡ ಎಲ್ಲಿಯದು ಎಂದು ಗೊತ್ತಾದರೆ ಅದರ ಸ್ವಭಾವ ತಾನಾಗಿಯೇ ಅರ್ಥವಾಗುತ್ತದೆ. ಹಂಬೋಲ್ಟ್ ಮತ್ತು ಬಾನ್‌ಪ್ಲಾಂಡ್ ಎಂಬ ಇಬ್ಬರು ನಿಸರ್ಗ ವಿಜ್ಞಾನಿಗಳು 1799ರಿಂದ 1804ರವರೆಗೆ ಲ್ಯಾಟಿನ್ ಅಮೆರಿಕ ಸುತ್ತಿದರಲ್ಲ, ಆಗ ಮೆಕ್ಸಿಕೋದ ಈಗಿನ ಹಿಡಾಲ್ಗೊ ರಾಜ್ಯದಲ್ಲಿ, ಪಚುಕಾ ಬೆಟ್ಟಗಳಲ್ಲಿರುವ ಮೊರಾನ್ ಗಣಿಯ ಬಳಿ ಈ ಗಿಡ ಅವರಿಗೆ ಸಿಕ್ಕಿತು. ಮೊರಾನೆನ್ಸಿಸ್ ಎಂಬ ಹೆಸರು ಆ ಗಣಿಯದೇ. ಬಟರ್‌ವರ್ಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಾತಿಗಳು ಮೆಕ್ಸಿಕೋ ಮತ್ತು ಅದರ ಅಕ್ಕಪಕ್ಕದ ದೇಶಗಳವು. ಬೆಟ್ಟದ ನೆರಳಿನ ಮಗ್ಗುಲಲ್ಲಿ, ಸುಣ್ಣಕಲ್ಲಿನ ಬಂಡೆಯ ಸಂದಿಯಲ್ಲಿ, ಪಾಚಿಯ ಮೇಲೆ ಕೂತು ಬೆಳೆಯುತ್ತವೆ. ಕೆಲವು ಜಿಪ್ಸಂ ಕಲ್ಲಿನ ಮೇಲೂ ಬೆಳೆಯುತ್ತವೆ. ಅಲ್ಲಿ ಮಣ್ಣು ಎನ್ನುವುದು ಹೆಸರಿಗಷ್ಟೇ.

ಇನ್ನು ಅಲ್ಲಿನ ಮಳೆ. ಸುಮಾರು ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿಯುತ್ತದೆ, ಆಮೇಲೆ ತಿಂಗಳುಗಟ್ಟಲೆ ಒಣ. ನಮ್ಮದೇ ಪಂಚಾಂಗ ಅಲ್ವಾ? ಈ ಗಿಡಗಳ ಇನ್ನೊಂದು ದೊಡ್ಡ ನೆಲೆ ಮೆಕ್ಸಿಕೋದ ಒಹಾಕಾ ರಾಜ್ಯ. ಅದು ಮತ್ತು ನಮ್ಮ ಕಲಬುರಗಿ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 17 ಡಿಗ್ರಿ ಉತ್ತರ. ಎತ್ತರ ಮಾತ್ರ ಬೇರೆ. ಪಚುಕಾ 2,400 ಮೀಟರ್ ಎತ್ತರದಲ್ಲಿದೆ, ಒಹಾಕಾ ನಗರ ಸುಮಾರು 1,550. ನಿಮ್ಮ ಮೈಸೂರು 760 ಮೀಟರ್ ಆಸುಪಾಸು. ಹಾಗಾಗಿ ಕಾಲ ಯಾವುದು ಎಂದು ಗಿಡಕ್ಕೆ ನಾವು ಕಲಿಸಬೇಕಾಗಿಲ್ಲ. ಬೇಸಿಗೆಯ ಬಿಸಿಲಿನಿಂದ ಕಾಪಾಡಿದರೆ ಸಾಕು. ಯುರೋಪಿನಲ್ಲಿ ಬೆಳೆಸುವವರು ಎಷ್ಟೋ ಕಷ್ಟಪಟ್ಟು ಹೊಂದಿಸುವ ಮಳೆ ಮತ್ತು ಒಣಗಾಲದ ಲೆಕ್ಕ ನಮ್ಮ ಕಿಟಕಿಯಾಚೆ ಸುಮ್ನೆ ಸಿಗುತ್ತದೆ.

ಮಳೆ ಇದ್ದಾಗ ಸಣ್ಣ ಹುಳಗಳಿರುತ್ತವೆ, ಅಂಟು ತಯಾರಿಸಲು ನೀರೂ ಇರುತ್ತದೆ. ಆಗ ಗಿಡ 10 ಸೆಂಟಿಮೀಟರ್ ಉದ್ದದ ಎಲೆ ಬಿಚ್ಚಿ ನೆಲಕ್ಕೆ ಅಂಟಿಕೊಂಡಂತೆ ಹರಡುತ್ತದೆ. ಮಳೆ ನಿಂತ ಮೇಲೆ ಅಂಥ ತೆಳು ಎಲೆ ಇಟ್ಟುಕೊಂಡರೆ ಒಣಗಿ ಸಾಯಬೇಕು. ಅದಕ್ಕೇ ಅದು ಅಂಗಡಿ ಬಾಗಿಲು ಹಾಕುತ್ತದೆ. ಬೆರಳಿನ ಉಗುರಿನ ಗಾತ್ರದ ದಪ್ಪ ಎಲೆಗಳನ್ನು ಸೇವಂತಿಗೆ ಹೂವಿನ ಹಾಗೆ ಒತ್ತೊತ್ತಾಗಿ ಕಟ್ಟಿಕೊಂಡು, ಒಳಗೆ ನೀರು ತುಂಬಿಕೊಂಡು ಕೂರುತ್ತದೆ. ಅವು ಹುಳ ಹಿಡಿಯುವ ಎಲೆಗಳೇ ಅಲ್ಲ. ಅಂಟು ಇಲ್ಲದಿರುವುದು ಸರಿಯಾಗಿಯೇ ಇದೆ. ಹೊರಗಿನ ದೊಡ್ಡ ಎಲೆ ಕಂದಾಗುವುದೂ ಸರಿಯೇ. ಒಂದೇ ಒಂದು ಪರೀಕ್ಷೆ ಮಾಡಿ: ನಡುವಿನ ಸಣ್ಣ ಎಲೆಗಳನ್ನು ಬೆರಳ ತುದಿಯಿಂದ ಮುಟ್ಟಿ. ಗಟ್ಟಿಯಾಗಿ, ಸ್ವಲ್ಪ ಪುಟಿಯುವ ಹಾಗೆ ಇದ್ದರೆ ಗಿಡ ಆರೋಗ್ಯವಾಗಿದೆ. ನಡು ಕಪ್ಪಾಗಿ, ಮುಟ್ಟಿದರೆ ಲೊಳೆಲೊಳೆ ಎಂದು ಕುಸಿದರೆ ಅದು ಕೊಳೆ. ಆಗಲೂ ಹೊರಗೆ ಒಂದೆರಡು ಗಟ್ಟಿ ಎಲೆ ಉಳಿದಿದ್ದರೆ ಅವನ್ನು ಬಿಡಿಸಿಕೊಂಡು ಹೊಸ ಗಿಡ ಮಾಡಬಹುದು. ಹೇಗೆ ಎಂದು ಮುಂದೆ ಹೇಳುತ್ತೇನೆ.

ಗೊಬ್ಬರದ ವಿಷಯ ನನಗೆ ಜಾಸ್ತಿ ಚಿಂತೆ. ಈ ಗಿಡದ ಬೇರು ನೋಡಿದ್ದೀರಾ? ನಾಲ್ಕಾರು ಬಿಳಿ ದಾರ, ಅಷ್ಟೇ. ಹಿಡಿದುಕೊಳ್ಳಲು ಮತ್ತು ಒಂದಿಷ್ಟು ನೀರು ಕುಡಿಯಲು ಇರುವ ಬೇರು ಅದು. ಊಟವೆಲ್ಲಾ ಎಲೆಯಲ್ಲಿ. ಅಂಥ ಬೇರಿಗೆ ಉಪ್ಪು ತಗುಲಿದರೆ ಸುಟ್ಟುಹೋಗುತ್ತದೆ. ಸಾಮಾನ್ಯವಾಗಿ ಕುಂಡ ಬದಲಿಸುವುದನ್ನು ಒಣಗಾಲದ ಕೊನೆಯಲ್ಲಿ, ಹೊಸ ಎಲೆ ಬರುವ ಮೊದಲು ಮಾಡುತ್ತೇನೆ. ನೀವು ಗೊಬ್ಬರ ಹಾಕಿದ್ದೀರಾದ್ದರಿಂದ ಕಾಯಬೇಡಿ. ಗಿಡವನ್ನು ನಿಧಾನಕ್ಕೆ ಎತ್ತಿ, ಬುಡಕ್ಕೆ ಅಂಟಿದ ಹಳೆಯ ಮಿಶ್ರಣ ಉದುರಿಸಿ, ಕೊಳೆತ ಕಂದು ಎಲೆಗಳನ್ನು ಕಿತ್ತು, ಹೊಸ ಮಿಶ್ರಣದ ಮೇಲೆ ಸುಮ್ನೆ ಕೂರಿಸಿ. ಬೇರು ಮುರಿದರೆ ಹೆದರಬೇಡಿ, ಮತ್ತೆ ಬಿಡುತ್ತದೆ.

ಮಿಶ್ರಣಕ್ಕೆ ಕಾಂಪೋಸ್ಟ್, ಕೆಂಪುಮಣ್ಣು, ಎರೆಗೊಬ್ಬರ ಯಾವುದೂ ಬೇಡ. ನಾನು ಬಳಸುವುದು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಒಂದು ಪಾಲು, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಿಲಿಕಾ ಮರಳು ಒಂದು ಪಾಲು, ವರ್ಮಿಕ್ಯುಲೈಟ್ (ನೀರು ಹಿಡಿಯುವ ಹಗುರ ಖನಿಜದ ಚೂರು) ಅರ್ಧ ಪಾಲು, ಪೀಟ್ ಮಾಸ್ (ಜೌಗು ನೆಲದ ಕೊಳೆತ ಪಾಚಿ) ಅರ್ಧ ಪಾಲು. ಪೀಟ್ ಸಿಗದಿದ್ದರೆ ಬಿಟ್ಟೇಬಿಡಿ, ಪ್ಯೂಮಿಸ್ ಕಲ್ಲಿನ ಚೂರು ಹಾಕಿ. ಪೀಟ್ ಬದಲಿಗೆ ಕೋಕೋಪೀಟ್ ಆಗಲ್ವಾ ಎಂದು ಎಲ್ಲರೂ ಕೇಳುತ್ತಾರೆ, ತೆಂಗಿನ ನಾಡು ನಮ್ಮದು, ಕೇಳುವುದು ಸಹಜ. ತೆಂಗಿನ ನಾರಿನಲ್ಲಿ ಸೋಡಿಯಂ, ಪೊಟ್ಯಾಷಿಯಂ ಉಪ್ಪು ಸೇರಿಕೊಂಡಿರುತ್ತದೆ. ಮಳೆನೀರಿನಲ್ಲಿ ಐದಾರು ಸಲ ನೆನೆಸಿ ಹಿಂಡಿ ತೊಳೆದು, ಕೊನೆಯ ನೀರಿನ ಟಿಡಿಎಸ್ (ಕರಗಿದ ಉಪ್ಪಿನ ಪ್ರಮಾಣ) ಅಳೆದು, ಅದು ಕಡಿಮೆ ಬಂದರೆ ಮಾತ್ರ ಸ್ವಲ್ಪ ಹಾಕಬಹುದು. ಅಷ್ಟು ಕಷ್ಟ ಯಾಕೆ ಎಂದು ನಾನಂತೂ ಬಿಟ್ಟಿದ್ದೇನೆ. ಎಂ ಸ್ಯಾಂಡ್ ಬೇಡವೇ ಬೇಡ. ಅದರ ಪುಡಿ ನೀರು ಬಿದ್ದ ಮೇಲೆ ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಪರ್ಲೈಟನ್ನು ಒದ್ದೆ ಮಾಡಿಕೊಂಡು ಕಲಸಿ, ಆ ಬಿಳಿ ದೂಳು ಶ್ವಾಸಕ್ಕೆ ಹೋಗುವುದು ಒಳ್ಳೆಯದಲ್ಲ. ಕುಂಡ ಪ್ಲಾಸ್ಟಿಕ್‌ನದ್ದು, ಮೂರು ಇಂಚು ಆಳ ಇದ್ದರೆ ಧಾರಾಳ. ತಳದಲ್ಲಿ ತೂತು ಇರಲೇಬೇಕು.

ಈಗ ನೀರು. ಮಳೆನೀರಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಮೊದಲ ಮಳೆ ತಾರಸಿ ತೊಳೆದುಕೊಂಡು ಹೋಗಲಿ, ಆಮೇಲಿನದನ್ನು ಕ್ಯಾನಿನಲ್ಲಿ ಹಿಡಿದು ಮುಚ್ಚಿಡಿ. ಒಂದೆರಡು ಗಿಡಕ್ಕೆ 20 ಲೀಟರಿನ ಎರಡು ಕ್ಯಾನ್ ಬೇಕಾದಷ್ಟಾಯಿತು. ಅದಿಲ್ಲದಾಗ ಆರ್‌ಓ ನೀರು. ಆದರೆ ಇಲ್ಲೊಂದು ತೊಡಕಿದೆ. ಮನೆಯ ಎಷ್ಟೋ ಆರ್‌ಓ ಯಂತ್ರಗಳು ಕುಡಿಯಲು ರುಚಿ ಬರಲಿ ಎಂದು ಖನಿಜ ಸೇರಿಸುತ್ತವೆ, ಅಥವಾ ಸೋಸದ ನೀರನ್ನು ಸ್ವಲ್ಪ ಬೆರೆಸುತ್ತವೆ. ಒಂದು ಸಣ್ಣ ಟಿಡಿಎಸ್ ಮೀಟರ್ ತೆಗೆದುಕೊಳ್ಳಿ, ಪೆನ್ನಿನಷ್ಟು ಇರುತ್ತದೆ. 50 ಪಿಪಿಎಂ ಒಳಗಿದ್ದರೆ ಕಣ್ಣುಮುಚ್ಚಿ ಹಾಕಿ. 100ರ ಆಸುಪಾಸನ್ನು ಮೆಕ್ಸಿಕೋದ ಬಟರ್‌ವರ್ಟ್‌ಗಳು ಸಹಿಸಿಕೊಳ್ಳುತ್ತವೆ, ಹುಟ್ಟಾ ಸುಣ್ಣಕಲ್ಲಿನವು ತಾನೇ, ಹುಳ ತಿನ್ನುವ ಇನ್ನೊಂದು ಗಿಡವಾದ ವೀನಸ್ ಫ್ಲೈಟ್ರ್ಯಾಪ್‌ನಷ್ಟು ನಾಜೂಕಲ್ಲ. ಬೋರ್‌ವೆಲ್ ನೀರು ಬೇಡ. ಕಾವೇರಿ ನಲ್ಲಿ ನೀರು ಅದಕ್ಕಿಂತ ಎಷ್ಟೋ ವಾಸಿ, ಆದರೂ ಅಳೆಯದೆ ಹಾಕಬೇಡಿ. ಆರ್‌ಓ ಯಂತ್ರ ಹೊರಗೆ ಬಿಡುವ ವೇಸ್ಟ್ ನೀರಂತೂ ಉಪ್ಪಿನ ಗೂಡು, ಅದು ಈ ಗಿಡಕ್ಕೆ ವಿಷ.

ಎಷ್ಟು ಹಾಕಬೇಕು ಎಂಬುದೇ ನಿಮ್ಮ ಪ್ರಶ್ನೆಯ ಜೀವ. ಈಗ, ಅಂದರೆ ದೊಡ್ಡ ಎಲೆ ಪೂರ್ತಿ ಹೋಗಿ ಹೂವಿನಂಥ ಗೊಂಚಲು ಮಾತ್ರ ಉಳಿದಾಗ, ಹತ್ತು ಹದಿನೈದು ದಿನಕ್ಕೊಮ್ಮೆ ಕುಂಡದ ಅಂಚಿಗೆ ಎರಡು ಚಮಚ ಸಾಕು. ಗೊಂಚಲಿನ ನಡುವೆ ನೀರು ನಿಲ್ಲಬಾರದು. ಎಲೆ ಸ್ವಲ್ಪ ಸುಕ್ಕು ಬಿದ್ದಂತೆ ಕಂಡರೆ ಇನ್ನೆರಡು ಚಮಚ. ಮೇಲ್ಭಾಗ ಒಣಗಿ ಬೆಳ್ಳಗೆ ಕಂಡರೂ ಗಾಬರಿಯಾಗಬೇಡಿ. ಏಪ್ರಿಲ್ ಕೊನೆಯಲ್ಲೋ ಮೇ ತಿಂಗಳಲ್ಲೋ ಒಂದು ಬೆಳಿಗ್ಗೆ ನಡುವಿನಿಂದ ಬೇರೆ ಥರದ ಎಲೆ ಬರುತ್ತದೆ. ತೆಳು, ಉದ್ದ, ಮೇಲೆ ಮಿರುಗು. ಆ ಎಲೆ ಕಂಡ ಮೇಲೆಯೇ ನೀರು ಹೆಚ್ಚಿಸಬೇಕು, ಕ್ಯಾಲೆಂಡರ್ ನೋಡಿ ಅಲ್ಲ. ಆಗ ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ನೀರು, ಅದು ಇಂಗಿ ಒಂದೆರಡು ದಿನ ಕಳೆದ ಮೇಲೆ ಮತ್ತೆ.

ಬೆಳಕಿಗೆ ಪೂರ್ವದ ಕಿಟಕಿ ಒಳ್ಳೆಯದು. ಎಳೆ ಬಿಸಿಲು ಎರಡು ಗಂಟೆ ಬಿದ್ದರೆ ಎಲೆ ತಿಳಿಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅದು ಖುಷಿಯ ಲಕ್ಷಣ. ಬರೀ ಹಸಿರಾಗಿ, ಎಲೆ ಉದ್ದ ಎಳೆದುಕೊಂಡು ಮೇಲಕ್ಕೆದ್ದರೆ ಬೆಳಕು ಸಾಲದು ಎಂದರ್ಥ. ಕಿಟಕಿ ಇಲ್ಲದವರು 20 ವ್ಯಾಟ್‌ನ ಬಿಳಿ ಎಲ್‌ಇಡಿ ಟ್ಯೂಬನ್ನು ಗಿಡದಿಂದ ಒಂದಡಿ ಮೇಲೆ ಕಟ್ಟಿ ದಿನಕ್ಕೆ 12 ಗಂಟೆ ಉರಿಸಿದರೂ ಚೆನ್ನಾಗಿ ಬರುತ್ತದೆ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನದ ಬಿಸಿಲು ಮಾತ್ರ ಬೀಳಬಾರದು.

ಇನ್ನು ಊಟ. ಈ ಭಾಗ ಬರೆಯುವಾಗ ನನಗೆ ಉತ್ಸಾಹ ಜಾಸ್ತಿ, ಸ್ವಲ್ಪ ತಾಳ್ಮೆಯಿಂದ ಓದಿ. ಮಳೆಗಾಲದಲ್ಲಿ ಒಂದು ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಎಲೆ ನೋಡಿ. ಬರಿಗಣ್ಣಿಗೆ ಬೆಣ್ಣೆ ಸವರಿದಂತೆ ಕಾಣುವ ಮೈ ನಿಜವಾಗಿ ಒಂದು ಗುಂಡುಸೂಜಿ ಚುಚ್ಚಿದ ದಿಂಬು. ಒಂದೊಂದು ಸೂಜಿಯ ತಲೆಯ ಮೇಲೂ ಒಂದು ಹನಿ. ಅವುಗಳ ನಡುವೆ ಕಾಂಡವಿಲ್ಲದ, ಎಲೆಗೇ ಅಂಟಿ ಕೂತ ಇನ್ನೊಂದು ಬಗೆಯ ಗ್ರಂಥಿಗಳು. ನಮ್ಮ ಮನೆಯಲ್ಲಿ ಕುಂಡದ ಮಣ್ಣಿನಿಂದ ಏಳುವ ಕಪ್ಪು ಸಣ್ಣ ನೊಣ ಇರುತ್ತದಲ್ಲ, ಫಂಗಸ್ ನ್ಯಾಟ್, ಅದು ಬಂದು ಕೂತಿತು ಎಂದಿಟ್ಟುಕೊಳ್ಳಿ. ಕಾಲೆತ್ತಿದರೆ ಅಂಟು ದಾರದಂತೆ ಎಳೆಯುತ್ತದೆ. ಇನ್ನೊಂದು ಕಾಲು ಊರಿ ಜಗ್ಗುತ್ತದೆ, ಅದೂ ಸಿಕ್ಕಿಕೊಳ್ಳುತ್ತದೆ. ಒದ್ದಾಡಿದಷ್ಟೂ ಹೊಸ ಹನಿಗಳು ತಗುಲುತ್ತವೆ. ಸ್ವಲ್ಪ ಹೊತ್ತಿಗೆ ರೆಕ್ಕೆ ಮೈಗೆ ಮೆತ್ತಿಕೊಂಡು ಸುಮ್ಮನಾಗುತ್ತದೆ. ಆಮೇಲೆ ಆ ಕೂತ ಗ್ರಂಥಿಗಳು ಹುಳಿ ಮತ್ತು ಕಿಣ್ವ ಸೇರಿದ ರಸ ಬಿಡುತ್ತವೆ. ಮಾರನೇ ದಿನ ನೋಡಿದರೆ ನೊಣದ ಸುತ್ತ ಸಣ್ಣ ಕೆರೆ. ಕೆಲವು ದಿನಕ್ಕೆ ರಸ ಎಲೆಯೊಳಗೆ ಹೋಗಿ, ಖಾಲಿ ಚಿಪ್ಪು ಮಾತ್ರ ಉಳಿಯುತ್ತದೆ.

ಇದನ್ನು ಕೂತು ಪರೀಕ್ಷಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಮುಖ್ಯರು. ಬ್ರಿಟನ್ನಿನ ಉತ್ತರ ವೇಲ್ಸ್‌ನಿಂದ ಸ್ನೇಹಿತರೊಬ್ಬರು ಕಳಿಸಿದ 39 ಎಲೆಗಳಲ್ಲಿ 32 ಎಲೆಗಳು ಒಟ್ಟು 142 ಹುಳ ಹಿಡಿದಿದ್ದವು ಎಂದು ಅವರು 1875ರಲ್ಲಿ ಬರೆದರು. ಅದು ಅಲ್ಲಿನ ಜಾತಿ, ವಲ್ಗ್ಯಾರಿಸ್. ಸ್ವೀಡನ್, ನಾರ್ವೆಯ ಹಳ್ಳಿಗಳಲ್ಲಿ ಅದೇ ಗಿಡದ ಎಲೆಯನ್ನು ಹಾಲಿಗೆ ಹೆಪ್ಪಿನ ಹಾಗೆ ಬಳಸುತ್ತಿದ್ದರು, ನೂಲುನೂಲಾಗಿ ಎಳೆಯುವ ಗಟ್ಟಿ ಹಾಲಾಗುತ್ತಿತ್ತಂತೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಉತ್ತರದ ಲ್ಯಾಪ್‌ಲ್ಯಾಂಡ್ ಸುತ್ತಿ ಬಂದು 1737ರಲ್ಲಿ ಇದನ್ನು ದಾಖಲಿಸಿದ್ದಾರೆ. ಪಿಂಗ್ವಿಕ್ಯುಲಾ ಎಂಬುದೂ ಲ್ಯಾಟಿನ್‌ನಲ್ಲಿ ಜಿಡ್ಡು ಎಂಬುದರಿಂದಲೇ ಬಂದ ಹೆಸರು. ಬೆಳೆಸುವವರು ಪ್ರೀತಿಯಿಂದ ‘ಪಿಂಗ್’ ಎನ್ನುತ್ತಾರೆ.

ನಿಮ್ಮ ಮನೆಯಲ್ಲಿ ಬೇರೆ ಕುಂಡಗಳಿದ್ದರೆ ನೀವು ಊಟ ಕೊಡುವುದೇ ಬೇಡ, ಅದರ ಪಾಡಿಗೆ ಅದು ಹಿಡಿದುಕೊಳ್ಳುತ್ತದೆ. ನೊಣವೇ ಇಲ್ಲದ ಮನೆಯಾದರೆ, ದೊಡ್ಡ ಎಲೆ ಇರುವ ತಿಂಗಳುಗಳಲ್ಲಿ ಮಾತ್ರ, ಮೀನಿಗೆ ಹಾಕುವ ಒಣ ಬ್ಲಡ್‌ವರ್ಮ್ ಪುಡಿಯನ್ನು ಹದಿನೈದು ದಿನಕ್ಕೊಮ್ಮೆ ಒಂದೆರಡು ಎಲೆಗೆ ಚಿಟಿಕೆಯಲ್ಲಿ ಚಿಟಿಕೆಯಷ್ಟು ಉದುರಿಸಿ. ಬೂಷ್ಟು ಬಂದರೆ ಜಾಸ್ತಿ ಆಯಿತು ಎಂದು ತಿಳಿಯಿರಿ. ಮಾಂಸದ ಚೂರು, ಮೊಟ್ಟೆ, ಹಾಲು ಯಾವುದೂ ಬೇಡ. ಮಕ್ಕಳು ಎಲೆ ಮುಟ್ಟಿ ಮುಟ್ಟಿ ನೋಡುತ್ತಾರೆ, ಒಂದು ಸಲ ಮುಟ್ಟಿದರೆ ಏನೂ ಆಗದು, ದಿನಾ ಮುಟ್ಟಿದರೆ ಅಂಟು ಹೋಗುತ್ತದೆ. ಈಗಿನ ಗೊಂಚಲಿಗಂತೂ ಊಟ ಹಾಕಲೇಬೇಡಿ, ಕೊಳೆಯುತ್ತದೆ.

ಕೀಟದ ಬಗ್ಗೆ ಒಂದು ಎಚ್ಚರಿಕೆ. ಹುಳ ತಿನ್ನುವ ಗಿಡಕ್ಕೂ ಹುಳ ಬೀಳುತ್ತದೆ. ಹೂವಿನ ದಂಟಿಗೆ ಹೇನು, ಎಲೆಯ ಬುಡಕ್ಕೆ ಬಿಳಿ ಹತ್ತಿಯಂಥ ಮೀಲಿಬಗ್, ಮಳೆಗಾಲದ ರಾತ್ರಿ ಬಸವನಹುಳು. ನಮ್ಮ ಕೈ ಮೊದಲು ಹೋಗುವುದು ಬೇವಿನ ಎಣ್ಣೆ ಮತ್ತು ಸೋಪ್ ನೀರಿಗೆ. ಇದಕ್ಕೆ ಅದು ಆಗುವುದಿಲ್ಲ. ಎಣ್ಣೆ ಮತ್ತು ಸೋಪು ಆ ಗ್ರಂಥಿಗಳನ್ನೇ ಹಾಳುಮಾಡುತ್ತವೆ. ಹೇನು ಬಂದರೆ ಕುಂಡ ಸಮೇತ ಮಳೆನೀರಿನಲ್ಲಿ ಕೆಲವು ಗಂಟೆ ಮುಳುಗಿಸಿಡಿ, ಆಮೇಲೆ ಎತ್ತಿ ಚೆನ್ನಾಗಿ ಬಸಿಯಲು ಬಿಡಿ. ಮೀಲಿಬಗ್ ಆದರೆ ಮೆತ್ತನೆಯ ಬ್ರಷ್‌ನಿಂದ ಒಂದೊಂದೇ ತೆಗೆಯಬೇಕು. ಬಸವನಹುಳುವನ್ನು ಟಾರ್ಚ್ ಹಿಡಿದು ಹುಡುಕಿ ತೆಗೆಯುವುದೇ ದಾರಿ.

ಈಗ ತಂಗಿಯ ಗಿಡ. ಕುಂಡ ಬದಲಿಸುವಾಗಲೇ ಇದನ್ನೂ ಮಾಡಿ, ಒಣಗಾಲದ ದಪ್ಪ ಎಲೆಗಳೇ ಇದಕ್ಕೆ ಸರಿ. ಗೊಂಚಲಿನ ಹೊರಸುತ್ತಿನ ಒಂದು ಎಲೆಯನ್ನು ಹಿಡಿದು, ಪಕ್ಕಕ್ಕೆ ಸ್ವಲ್ಪ ಅಲುಗಾಡಿಸಿ ಎಳೆಯಿರಿ. ಬುಡದ ಬಿಳಿ ತುದಿ ಸಮೇತ ಬರಬೇಕು, ಬೆಳ್ಳುಳ್ಳಿ ಎಸಳು ಬಿಡಿಸಿದ ಹಾಗೆ. ಅರ್ಧಕ್ಕೆ ಹರಿದರೆ ಪ್ರಯೋಜನವಿಲ್ಲ. ಐದಾರು ಎಲೆ ತೆಗೆಯಿರಿ, ಗಿಡಕ್ಕೆ ಗೊತ್ತೇ ಆಗುವುದಿಲ್ಲ. ಪಾರದರ್ಶಕ ಮುಚ್ಚಳದ ಡಬ್ಬಿಯಲ್ಲಿ ತೇವದ ಪರ್ಲೈಟ್ ಹರಡಿ, ಎಲೆಗಳನ್ನು ಮೇಲ್ಮುಖವಾಗಿ ಮಲಗಿಸಿ, ಮುಚ್ಚಿ, ಬಿಸಿಲು ಬೀಳದ ಬೆಳಕಿನ ಜಾಗದಲ್ಲಿಡಿ. ಮೂರರಿಂದ ಆರು ವಾರಕ್ಕೆ ಬಿಳಿ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆ ಏಳುತ್ತದೆ. ಅದೇ ಗಿಡ. ಒಂದೊಂದು ಎಲೆಯಿಂದ ಎರಡು ಮೂರು ಬರುವುದೂ ಉಂಟು. ಆನ್‌ಲೈನ್‌ನಲ್ಲಿ ಬಟರ್‌ವರ್ಟ್ ಬೀಜ ಎಂದು ಮಾರುವ ಪೊಟ್ಟಣಗಳಿಗೆ ದುಡ್ಡು ಹಾಕಬೇಡಿ, ಒಂದು ಎಲೆ ಅದಕ್ಕಿಂತ ಮೇಲು.

ಮಂಗಳೂರಿನಲ್ಲಿ ಗಾಳಿಯ ತೇವ ಈ ಗಿಡಕ್ಕೆ ಹಿಡಿಸುತ್ತದೆ, ರಾತ್ರಿಯ ಸೆಕೆ ಹಿಡಿಸುವುದಿಲ್ಲ. ಮೊರಾನೆನ್ಸಿಸ್ ಬದುಕೀತು, ಆದರೆ ಸದಾ ಗಾಳಿಯಾಡುವ ಜಾಗ ಬೇಕು, ಒಂದು ಸಣ್ಣ ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು. ಜೂನ್, ಜುಲೈ ಮಳೆ ನೇರವಾಗಿ ಬೀಳಬಾರದು, ಅಲ್ಲಿನ ಮಳೆಗೆ ಎಲೆಯ ಅಂಟು ಉಳಿಯುವುದೇ ಇಲ್ಲ. ತಂಗಿ ಮೊದಲ ಸಲ ಬೆಳೆಸುವವರಾದರೆ ಆಗ್ನಾಟಾ ಎಂಬ ಜಾತಿಯನ್ನೋ, ಅದರಿಂದ ಹುಟ್ಟಿದ ‘ಟೀನಾ’ ಎಂಬ ಮಿಶ್ರತಳಿಯನ್ನೋ ಕೊಡಿಸಿ. ಸೆಕೆ ತಡೆಯುತ್ತದೆ, ಮತ್ತು ಆಗ್ನಾಟಾದ ಎಲೆ ಒಣಗಾಲದಲ್ಲಿ ಇಷ್ಟೊಂದು ರೂಪ ಬದಲಿಸುವುದಿಲ್ಲ, ಹಾಗಾಗಿ ನಿಮ್ಮಂತೆ ಗಾಬರಿಯೂ ಆಗುವುದಿಲ್ಲ. ಚಳಿ ದೇಶದ ವಲ್ಗ್ಯಾರಿಸ್, ಗ್ರ್ಯಾಂಡಿಫ್ಲೋರಾ ನಮ್ಮಲ್ಲಿ ಬೇಡ. ಅವಕ್ಕೆ ಹಿಮದ ಚಳಿಗಾಲ ಬೇಕೇ ಬೇಕು. ಹಿಮಾಲಯದಲ್ಲಿ ಬಿಳಿ ಹೂವಿನ ಆಲ್ಪೈನಾ ಇದೆ, ಅದೂ ಹಾಗೆಯೇ. ಅದನ್ನು ಅಲ್ಲೇ ನೋಡಿ ಬರಬೇಕು.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ತಂಗಿಯ ಮನೆಗೆ ಹೋದರೆ ಊರಾಚೆಯ ಮುರಕಲ್ಲಿನ ಪಾದೆಯ ಮೇಲೆ, ನೀರು ಒಸರುವ ಜಾಗದಲ್ಲಿ ಬಗ್ಗಿ ನೋಡಿ. ಹುಲ್ಲಿನ ನಡುವೆ ದಾರದಂಥ ದಂಟಿನ ತುದಿಯಲ್ಲಿ ನೀಲಿ ನೇರಳೆ ಹೂಗಳು ನಿಂತಿರುತ್ತವೆ. ಅದು ಯುಟ್ರಿಕ್ಯುಲೇರಿಯಾ, ನಿಮ್ಮ ಬಟರ್‌ವರ್ಟ್‌ನದೇ ಕುಟುಂಬದ್ದು. ನೆಲದಡಿಯಲ್ಲಿ ಸಣ್ಣ ಚೀಲಗಳನ್ನಿಟ್ಟುಕೊಂಡು ನೀರಿನ ಜೀವಿಗಳನ್ನು ಹೀರಿ ತಿನ್ನುತ್ತದೆ. ಕೀಳಬೇಡಿ, ಮನೆಗೆ ತಂದರೆ ಅದು ಉಳಿಯುವುದಿಲ್ಲ. ಎಲೆಯಿಂದ ಮಾಡಿದ ಪಿಂಗ್ ಮರಿಯನ್ನು ಆಗಲೇ ತಂಗಿಗೆ ಕೊಡಿ, ಅಷ್ಟು ಹೊತ್ತಿಗೆ ಅದು ಒಂದು ರೂಪಾಯಿ ನಾಣ್ಯದಷ್ಟು ಅಗಲವಾಗಿ ಮೊದಲ ನೊಣ ಹಿಡಿದಿರುತ್ತದೆ.